ಕೊನ್ನಾರಿಯ ಮೂರು ಪಾತಿ

ಕೊನ್ನಾರಿ ಗೆಡ್ಡೆ ಕಿತ್ತು ಕಿತ್ತು ಸೋತವರು ಊರಲ್ಲೆಲ್ಲ ಸಿಗುತ್ತಾರೆ. ನೀರು ಹಾಯಿಸಿ ನೆಟ್ಟವಳು ಬಹುಶಃ ನಾನೊಬ್ಬಳೇ. ಬರಗೂರಿನ ಕಡೆ ಪರಿಚಯದವರ ಬಾವಿ ಪಕ್ಕದ ಹೊಲದಿಂದ ಒಂದು ಚೀಲ ಅಗೆದು ತಂದು ಶಿರಾ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, ಈ ಕಳೆಯನ್ನು ಯಾತಕ್ಕೆ ಒಯ್ಯುತ್ತೀರಿ ಎಂದು ಕೇಳಿದ. ಅವ್ವನಿಗೆ ಎಂದೆ.

ಅವ್ವ ಕೈಲಾಗುವವರೆಗೂ ಕಂಡವರ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತವಳು. ಆ ಕೂಲಿಯಲ್ಲೇ ಅಕ್ಕನನ್ನೂ ನನ್ನನ್ನೂ ಓದಿಸಿದಳು. ಈಗ ಮರೆವಿನ ಕಾಯಿಲೆ. ಮನೆಯಲ್ಲಿ ಅವಳೂ ನಾನೂ ಇಬ್ಬರೇ. ನನ್ನ ಹೆಸರು ಮರೆತಳು, ಉಂಡದ್ದು ಮರೆತಳು, ಕಳೆ ಕೀಳುವುದೊಂದು ಉಳಿಯಿತು. ಬೆಳಗಾದರೆ ಸೆರಗು ಸಿಕ್ಕಿಸಿ ಕೂಲಿಗೆ ಹೊರಟುಬಿಡುವಳು. ಒಂದು ದಿನ ಹೈವೇ ನಡುವಿನ ಡಿವೈಡರಿನಲ್ಲಿ, ಕಣಗಿಲೆ ಗಿಡಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಲ್ಲು ಕೀಳುತ್ತಿದ್ದಳು. ಎರಡೂ ಕಡೆ ಲಾರಿಗಳು. ನಾನು ಹೇಗೋ ದಾಟಿ ಹೋಗಿ ರಟ್ಟೆ ಹಿಡಿದಾಗ, ಇನ್ನೂ ಅರ್ಧ ಸಾಲು ಉಳಿದಿದೆಯಲ್ಲ ಎಂದು ನನ್ನನ್ನೇ ಬೈದಳು. ಮಾರನೆಯ ದಿನದಿಂದ ಬಾಗಿಲಿಗೆ ಬೀಗ ಹಾಕಿದೆ. ಅವಳು ಬಾಗಿಲು ಬಡಿದು ಬಡಿದು ಅಂಗೈ ಊದಿಸಿಕೊಂಡಳು. ರಸ್ತೆಗೆ ಬಿಟ್ಟರೆ ಲಾರಿ, ಕೂಡಿಹಾಕಿದರೆ ಈ ಗೋಳು.

ಮಧುಗಿರಿಯಲ್ಲಿರುವ ಅಕ್ಕ ಫೋನಿನಲ್ಲಿ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ. ಟಿವಿ ಹಾಕಿ ಮುಂದೆ ಕೂರಿಸು ಎಂದಳು. ಹಿತ್ತಿಲಲ್ಲಿ ಅವ್ವನಿಗೆ ಕೀಳಲು ಕಳೆ ಬೆಳೆಸುತ್ತೇನೆ ಎಂದಾಗ, ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ನಕ್ಕಳು. ಬೆಳಗ್ಗೆ ಅವ್ವನಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಪಕ್ಕದ ಮನೆಯ ಖಾಲಾಗೆ ಒಪ್ಪಿಸಿ ಪಾಠ ಮಾಡಲು ಶಾಲೆಗೆ ಓಡುವ ನನಗೆ ಕೆಲಸವಿಲ್ಲವಂತೆ. ನಾನು ಫೋನಿಟ್ಟೆ.

ಕೊನ್ನಾರಿ ನಿಜಕ್ಕೂ ಹುಲ್ಲಲ್ಲ, ಜೊಂಡಿನ ಜಾತಿ. ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಕಳೆ ತಾನೇ, ಎಲ್ಲಾದರೂ ಬರುತ್ತದೆ ಎಂದು ಮೊದಲು ಒಣ ಜಾಗದಲ್ಲಿ ಹೂತೆ. ಬೇಡವೆಂದರೂ ಬರುವ ಗಿಡ, ಬೇಕೆಂದಾಗ ಮುನಿಸಿಕೊಂಡಿತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ನೀರನ್ನು ತಿರುಗಿಸಿ, ಮಣ್ಣು ಆರದಂತೆ ಮೂರು ಪಾತಿ ಮಾಡಿದೆ. ಒಂದು ಪಾತಿಯನ್ನು ಅವ್ವ ಕಿತ್ತು ಮುಗಿಸುವುದರೊಳಗೆ ಇನ್ನೊಂದು ಏಳಲಿ ಎಂಬುದು ನನ್ನ ಉಪಾಯ. ವಾರ ಕಳೆಯುವುದರೊಳಗೆ ಹಸಿರು ಮೊಳಕೆ ಕಾಣಿಸಿತು.

ಅವ್ವ ರಸ್ತೆಯನ್ನು ಮರೆತಳು. ಬೆಳಗಿನಿಂದ ಹಿತ್ತಿಲಲ್ಲೇ. ಪಾತಿಯ ಅಂಚಿಗೆ ನಾನು ಹಾಕಿದ್ದ ದಂಟಿನ ಸೊಪ್ಪಿನ ಒಂದು ಸಸಿಯನ್ನೂ ಅವಳ ಕೈ ತಪ್ಪಿಯೂ ಮುಟ್ಟಲಿಲ್ಲ. ಮಧ್ಯಾಹ್ನ ಖಾಲಾ ಚಹಾ ಕೊಟ್ಟರೆ, ಹೊಲದ ಯಜಮಾನಿ ಒಳ್ಳೆಯವಳು ಎಂದು ಹೊಗಳಿ ಕುಡಿಯುತ್ತಿದ್ದಳಂತೆ. ಎಷ್ಟೋ ತಿಂಗಳ ಮೇಲೆ ನಾನು ಪಾಠದ ನಡುವೆ ಫೋನು ನೋಡುವುದನ್ನು ಬಿಟ್ಟೆ.

ಆದರೆ ಅವ್ವ ಅರೆಬರೆ ಕೆಲಸದವಳಲ್ಲ. ಎಲೆಯನ್ನಷ್ಟೇ ಕಿತ್ತರೆ ಕೊನ್ನಾರಿ ಮತ್ತೆ ಬರುತ್ತದೆ. ಅವಳು ಬೇರಿನ ಎಳೆ ಹಿಡಿದು ಗೆಡ್ಡೆಯಿಂದ ಗೆಡ್ಡೆಗೆ ಹೋಗಿ, ಎಲ್ಲವನ್ನೂ ತೆಗೆದು ಬಿಸಿಲಿಗೆ ಹರಡುತ್ತಿದ್ದಳು. ಯಾರಿಗೂ ಬಗ್ಗದ ಕಳೆ ಅವಳ ಕೈಯಲ್ಲಿ ಮುಗಿಯುತ್ತಾ ಬಂತು. ಪಾತಿ ಬರಿದಾದರೆ ಅವಳು ಮತ್ತೆ ರಸ್ತೆಗೇ. ಹಾಗಾಗಿ ಸಂಜೆ ಶಾಲೆಯಿಂದ ಬಂದು, ಅವಳು ಒಳಗೆ ಅಡ್ಡಾಗಿದ್ದಾಗ, ಅವಳು ಕಿತ್ತದ್ದನ್ನೆಲ್ಲ ನಾನು ತಿರುಗಿ ನೆಡತೊಡಗಿದೆ. ಕೀಳುವವಳು ದಣಿಯಲಿಲ್ಲ, ನನ್ನ ಸೊಂಟ ಬಿದ್ದುಹೋಯಿತು. ಸುಳ್ಳೇಕೆ ಹೇಳಲಿ, ಸಾಕಪ್ಪ, ಎಲ್ಲಿಗಾದರೂ ಹೋಗಲಿ ಎಂದು ಕೆಲವು ಸಂಜೆ ಅನ್ನಿಸಿದ್ದುಂಟು. ಆಮೇಲೆ ಕೈ ತೊಳೆದು ಮುದ್ದೆಗೆ ಎಸರಿಡುತ್ತಿದ್ದೆ.

ಮೊನ್ನೆ ಬಗ್ಗಿಕೊಂಡು ಕೊನೆಯ ಸಾಲು ನೆಡುತ್ತಿದ್ದಾಗ, ಅವ್ವ ಎದ್ದು ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಗುಟ್ಟು ರಟ್ಟಾಯಿತೆನ್ನಿಸಿತು. ಅವಳು ನನ್ನ ಕೈಯಲ್ಲಿದ್ದ ಗೆಡ್ಡೆ ನೋಡಿ, ಕಳೆ ಕೀಳಲು ಬಂದ ಹೊಸ ಆಳು ಎಂದುಕೊಂಡಳು.

“ಇಂಗಲ್ಲ ಕಣಮ್ಮ, ಬೇರಿಡ್ಕಂಡು ಹೋಗ್ಬೇಕು. ನಿಮ್ಮವ್ವ ಹೇಳ್ಕೊಡ್ನಿಲ್ವಾ?”

“ಇಲ್ಲ,” ಎಂದೆ. “ನಮ್ಮವ್ವ ನನ್ನನ್ನ ಹೊಲದ ಕಡೀಕೇ ಬುಡ್ನಿಲ್ಲ. ಇಸ್ಕೂಲಿಗೆ ಕಳಿಸ್ಬುಟ್ಲು.”

ಅವಳು ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಒಳ್ಳೇದ್ ಮಾಡವ್ಳೆ. ಸುಸ್ತಾಗ್ಬುಟ್ಟಿದ್ದೀಯ, ಕುಂತ್ಕ ಹೋಗು. ನಿನ್ ಸಾಲೂ ನಾನೇ ಕಿತ್ಕಂಡ್ ಬತ್ತೀನಿ.”

ನಾನು ಅಲ್ಲೇ ಕೆಸರಲ್ಲಿ ಕುಳಿತು ಅತ್ತುಬಿಟ್ಟೆ. ಆಗತಾನೆ ನಾನು ನೆಟ್ಟಿದ್ದ ಸಾಲನ್ನು ಅವ್ವ ಒಂದು ಗೆಡ್ಡೆಯೂ ಬಿಡದೆ ಕೊನೆಯವರೆಗೂ ಕಿತ್ತಳು.