ಮದ್ದು ನಿಲ್ಲಿಸಿದ ಬೆಳಿಗ್ಗೆ

ಉಚ್ಚಿಲದ ಕುಂಞಿಪಾತುಮ್ಮನಿಗೆ ಆಸ್ಪತ್ರೆಯ ವಿಚಾರದಲ್ಲಿ ಒಂದೇ ನಂಬಿಕೆ: ಕೈಯಲ್ಲಿ ಸೂಜಿ ಇರುವತನಕ ಜೀವದ ಆಸೆ ಇದೆ, ಸೂಜಿ ತೆಗೆದರೆಂದರೆ ಡಾಕ್ಟರು ಕೈಬಿಟ್ಟರು. ಇದನ್ನು ಅವರು ಯಾರಿಂದಲೋ ಕೇಳಿ ಕಲಿತದ್ದಲ್ಲ. ಮದುವೆಯಾದ ಹೊಸತರಲ್ಲಿ, ಕಾರ್ಕಳದ ಒಂದು ನರ್ಸಿಂಗ್ ಹೋಮಿನಲ್ಲಿ ಅವರ ಚೊಚ್ಚಲ ಮಗುವಿನ ಸೂಜಿ ತೆಗೆದು, ಇನ್ನು ಮದ್ದು ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಬಸ್ಸು ಊರು ಮುಟ್ಟುವ ಮೊದಲೇ ಮಗು ತಣ್ಣಗಾಗಿತ್ತು. ಕಂಡಕ್ಟರನಿಗೆ ಗೊತ್ತಾದರೆ ದಾರಿಯಲ್ಲೇ ಇಳಿಸಿಯಾನು ಎಂದು ಹೆದರಿ, ಅಳದೆ, ನಿದ್ದೆಯ ಮಗುವನ್ನು ತಟ್ಟುವ ಹಾಗೆ ತಟ್ಟುತ್ತಲೇ ಬಂದರು. ಆಮೇಲೆ ಮಗ ಸಫ್ರಾಝ್ ಹುಟ್ಟಿದ, ಬೆಳೆದ, ಸೌದಿಯ ದಮ್ಮಾಮಿಗೆ ಕೆಲಸಕ್ಕೆ ಹೋದ. ಕುಂಞಿಪಾತುಮ್ಮ ಮಾತ್ರ ಅಳುವುದನ್ನು ಆ ಬಸ್ಸಿನಲ್ಲೇ ಮರೆತು ಇಳಿದವರ ಹಾಗೆ ಉಳಿದರು.

ಈಗ ಸಫ್ರಾಝನ ಹೆಂಡತಿ ಶಾಝಿಯಾಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಹೆಣ್ಣುಮಗು ಮಣಿಪಾಲದ ಆಸ್ಪತ್ರೆಯೊಂದರ ಶಿಶು ಐಸಿಯುವಿನಲ್ಲಿತ್ತು. ಸೋಂಕಿರಬಹುದೆಂಬ ಅನುಮಾನದಿಂದ ಮೊದಲ ದಿನವೇ ಆಂಟಿಬಯೋಟಿಕ್ ಶುರುಮಾಡಿದ್ದರು. ಮೇಲಿನ ವಾರ್ಡಿನಲ್ಲಿ ಶಾಝಿಯಾ ಹಿಂಡಿದ ಹಾಲನ್ನು ಕೆಳಗೆ ತಂದುಕೊಡುವುದು ಅತ್ತೆಯ ಕೆಲಸ.

ಮೂರನೆಯ ಬೆಳಿಗ್ಗೆ ಐಸಿಯುವಿನ ಡಾಕ್ಟರ್ ಮೇಧಾ ಕುಂಞಿಪಾತುಮ್ಮನನ್ನು ಕರೆದು, ಮದ್ದು ನಿಲ್ಲಿಸಿದ್ದೇವೆ ಎಂದರು. ರಕ್ತದ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ, ಬೇಡದ ಮದ್ದು ಹೊಟ್ಟೆಯೊಳಗಿನ ಒಳ್ಳೆಯ ಜೀವಾಣುಗಳನ್ನೂ ಕೊಲ್ಲುತ್ತದೆ, ನಾಳೆ ನಿಜವಾಗಿ ಬೇಕಾದಾಗ ಮದ್ದು ನಾಟುವುದಿಲ್ಲ ಎಂದು ಚೆನ್ನಾಗಿಯೇ ವಿವರಿಸಿದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಆದರೆ ಮೊದಲ ಮಾತಿಗೇ ಕಿವಿ ಮುಚ್ಚಿಹೋದವರಿಗೆ ಉಳಿದ ಮಾತು ಕೇಳುವುದು ಹೇಗೆ? ಕುಂಞಿಪಾತುಮ್ಮ ತಲೆಯಾಡಿಸಿದರು. ಅರ್ಥವಾಯಿತೆಂದು ಡಾಕ್ಟರು ತಿಳಿದರು.

ಕುಂಞಿಪಾತುಮ್ಮನ ಎದೆಯಲ್ಲಿ ಏನೂ ಆಗಲಿಲ್ಲ. ಮೇಲೆ ಹೋಗಿ, ಇನ್ನು ಹಾಲು ಹಿಂಡುವುದು ಬೇಡ ಎಂದು ಸೊಸೆಗೆ ಹೇಳಿದರು. ಹಸಿ ಬಾಣಂತಿ ಆಸೆ ಇಟ್ಟುಕೊಳ್ಳದಿರಲಿ ಎಂಬುದಷ್ಟೇ ಅವರ ಎಣಿಕೆ. ಶಾಝಿಯಾ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಅತ್ತೆ ಊರಿನಲ್ಲಿದ್ದ ತಮ್ಮ ಗಂಡ ಮೊಯಿದಿನಬ್ಬರಿಗೆ ಫೋನು ಮಾಡಿ, ಕಬರಿನ ಬಗ್ಗೆ ಮಸೀದಿಯವರಿಗೆ ಒಂದು ಮಾತು ಹೇಳಿಡಿ ಎಂದರು. ಬರುವಾಗ ತೆಂಗಿನಕಾಯಿ ತನ್ನಿ ಎನ್ನುವ ದನಿಯಲ್ಲೇ ಹೇಳಿದರು.

ಮಧ್ಯಾಹ್ನ ಐಸಿಯುವಿನ ಸಿಸ್ಟರ್ ವೆರೊನಿಕಾ ಕುಂಞಿಪಾತುಮ್ಮನನ್ನು ಹುಡುಕಿಕೊಂಡು ಬಂದರು. ಫ್ರಿಜ್ಜಿನಲ್ಲಿಟ್ಟಿದ್ದ ಹಾಲು ಮುಗಿದಿತ್ತು.

“ಹಾಲು ಎಲ್ಲಿ ಉಮ್ಮಾ? ಮಗುವಿಗೆ ಹಸಿವಾಗ್ತಾ ಉಂಟು.”

“ಇನ್ನು ಎಂತಕ್ಕೆ ಸಿಸ್ಟರ್? ಮದ್ದು ನಿಲ್ಲಿಸಿ ಆಯ್ತಲ್ಲ.”

ವೆರೊನಿಕಾ ಬಂದು ಪಕ್ಕದಲ್ಲಿ ಕುಳಿತರು.

“ಗುಣ ಆಗುವುದಿಲ್ಲ ಅಂತ ನಿಲ್ಲಿಸಿದ್ದಲ್ಲ. ಸೋಂಕೇ ಇಲ್ಲ ಅಂತ ನಿಲ್ಲಿಸಿದ್ದು. ಮಗುವಿಗೆ ಈಗ ತಾಯಿಯ ಹಾಲು ಬೇಕು, ಅಷ್ಟೇ.”

ಸಂತೋಷವಾಗಬೇಕಿತ್ತು. ಆಗಲಿಲ್ಲ. ಬದುಕಿರುವ ಮಗುವಿನ ಹಾಲನ್ನು ಬೆಳಗಿನಿಂದ ತಾನೇ ತಪ್ಪಿಸಿದೆ ಎಂಬುದೊಂದೇ ಕುಂಞಿಪಾತುಮ್ಮನಿಗೆ ಹೊಳೆದದ್ದು. ಸರಳು ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಶಾಝಿಯಾ ಹಾಗೆಯೇ ಗೋಡೆಗೆ ಮುಖಮಾಡಿ ಮಲಗಿದ್ದಳು. ಹಾಲು ಒಸರಿ ಅವಳ ನೈಟಿ ಒದ್ದೆಯಾಗಿತ್ತು. ತಾನು ಬಾಯಿಬಿಟ್ಟು ಹೇಳದ್ದನ್ನೆಲ್ಲ ಸೊಸೆ ಬೆಳಿಗ್ಗೆಯೇ ನಂಬಿ ಮಲಗಿದ್ದಾಳೆಂದು ಅತ್ತೆಗೆ ಆಗ ಗೊತ್ತಾಯಿತು.

“ಏಳು ಮಗಳೇ, ಹಾಲು ಬೇಕಂತೆ.”

ಶಾಝಿಯಾ ತಿರುಗಲಿಲ್ಲ. ಗೋಡೆಯನ್ನೇ ಕೇಳುವ ಹಾಗೆ ಕೇಳಿದಳು.

“ಯಾರಿಗೆ, ಮಾಮಿ?”