ಫೋಟೋ ಕಾಕಾನ ದೆವ್ವಗಳು

ಮೊನ್ನೆ ಮೊಮ್ಮಗಳು ಮೊಬೈಲು ತಂದು ಮುಖಕ್ಕೆ ಹಿಡಿದಳು. ಹಳೇ ಕಾಲದ ದೆವ್ವದ ಸಿನೆಮಾ ತೆಗೆಯುವಾಗ ಹಿಡಿದ ಫೋಟೋ ಅಂತೆ. ಬಿಳಿ ಸೀರೆಯ ದೆವ್ವ ಕೂದಲು ಬಿಚ್ಚಿಕೊಂಡು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಬಸಿಯಲ್ಲಿ ಚಹಾ ಕುಡಿಯುತ್ತಿತ್ತು. ಹುಡುಗಿ ನಗುತ್ತಿದ್ದಳು. ನಾನು ಅದನ್ನು ತೆಗಿ ಅಂದೆ. ಎರಡು ಸಲ ಹೇಳಬೇಕಾಯಿತು. ಯಾಕಜ್ಜಿ ಅಂದಳು. ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ.

ಅಂಥ ಫೋಟೋಗಳನ್ನು ಹತ್ತು ವರ್ಷದವಳಿದ್ದಾಗಲೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ತೋರಿಸಿದವರು ಗಜೇಂದ್ರಗಡದ ನಮ್ಮ ಓಣಿಯಲ್ಲಿ, ಬಾಜೂ ಮನೆಯಲ್ಲಿದ್ದ ಫೋಟೋ ಕಾಕಾ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಅವರು ಮೊದಲು ಮದರಾಸಿನಲ್ಲಿ ಸಿನೆಮಾ ತೆಗೆಯುವಲ್ಲಿ ಫೋಟೋ ಹಿಡಿಯುತ್ತಿದ್ದರಂತೆ. ಅಲ್ಲಿಯ ನೀರು ಒಗ್ಗಲಿಲ್ಲ ಅಂತ ಊರಿಗೆ ಬಂದು, ಮುಂದಿನ ಖೋಲಿಗೆ ಕರಿ ಪರದೆ ಹಾಕಿ ಅಂಗಡಿ ಮಾಡಿದರು. ಹತ್ತಿರ ಹೋದರೆ ಫೋಟೋ ತೊಳೆಯುವ ನೀರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಬದುಕಿದ್ದವರು ಅವರ ಕಡೆ ಹೋಗುತ್ತಿದ್ದದ್ದು ಕಡಿಮೆ. ಫೋಟೋ ಹಿಡಿಸಿದರೆ ಆಯುಷ್ಯ ಕಡಿಮೆ ಆಗುತ್ತದೆ ಅಂತ ಮಂದಿಗೆ ಅಂಜಿಕೆ. ಸತ್ತ ಮೇಲೆ ಮಾತ್ರ ಓಡಿ ಬಂದು ಕರೆಯುತ್ತಿದ್ದರು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಬಳಿದು, ಹೂವು ಹಾಕಿ, ಕೂತಂತೆಯೇ ಮಣ್ಣಿಗೆ ಒಯ್ಯುತ್ತೇವೆ. ಒಯ್ಯುವ ಮೊದಲು ಒಂದು ಫೋಟೋ. ಹೀಗಾಗಿ ಕಾಕಾ ಊರಿನ ಅರ್ಧ ಮಂದಿಯ ಮುಖ ನೋಡಿದ್ದು ಅವರು ಸತ್ತ ಮೇಲೆಯೇ.

ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋಟೋ, ಅವ್ವನದು. ನನಗೆ ಮೂರು ವರ್ಷವಿದ್ದಾಗ ಬಾಣಂತನದಲ್ಲಿ ಅವ್ವ ಹೋದಳು. ಕೂಸೂ ಉಳಿಯಲಿಲ್ಲ. ಬಾಣಂತಿ ಸತ್ತರೆ ದೆವ್ವವಾಗಿ ತಿರುಗಿ ಬರುತ್ತಾಳೆ ಅಂತ ಅವತ್ತೇ ಹೊಸ್ತಿಲಿಗೆ ಮೊಳೆ ಹೊಡೆದರು. ಆ ಮೊಳೆ ದಾಟಿಕೊಂಡೇ ನಾನು ದೊಡ್ಡವಳಾದೆ. ನನಗೆ ಅವ್ವನ ಮುಖ ನೆನಪಿಲ್ಲ. ಗೋಡೆಯ ಮೇಲಿನ ಅವ್ವ ದೊಡ್ಡ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಅಪ್ಪ ಸೀರೆ ನೇಯುವ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ತಲೆ ಎತ್ತಿದರೆ ಆ ಕಣ್ಣು. ನನ್ನ ಪಾಲಿಗೆ ಅವ್ವ ಅಂದರೆ ಅಷ್ಟೇ.

ನನ್ನನ್ನು ಸಾಕಿದವಳು ಸೋದರತ್ತೆ, ಅಪ್ಪನ ಅಕ್ಕ. ಆಕೆಗೆ ಸಿನೆಮಾದ ಹುಚ್ಚು. ಒಂದು ದಿನ ಮಧ್ಯಾಹ್ನದ ಆಟಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಎಷ್ಟೋ ವರ್ಷ ಎಲ್ಲೆಲ್ಲೋ ಓಡಿ ಸವೆದ ದೆವ್ವದ ಸಿನೆಮಾ ಅದು. ದೆವ್ವ ಬಾವಿಯ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿತ್ತು. ಆಮೇಲೆ ಮೆಲ್ಲಗೆ ತಿರುಗಿತು...

ಕಣ್ಣು ಅವ್ವನವು. ಹೋಲುತ್ತಿದ್ದವು ಅಂತಲ್ಲ, ಅವೇ. ಗೋಡೆಯ ಮೇಲಿಂದ ಇಳಿದು ಬಂದು ನನ್ನನ್ನು ಹುಡುಕಿದಂತೆ ನೋಡಿದವು.

ಒದರಿ ಬಿದ್ದೆನಂತೆ. ಮೂರು ದಿನ ಜ್ವರ. ರೊಟ್ಟಿ ಮುಟ್ಟಲಿಲ್ಲ, ಮಗ್ಗದ ಮನೆಗೆ ಕಾಲಿಡಲಿಲ್ಲ. ಏನು ಕಂಡೆ ಅಂತ ಕೇಳಿದರೆ ಬಾಯಿ ಬಿಗಿದುಕೊಂಡೆ. ಹೇಳಿದರೆ ಅವ್ವ ದೆವ್ವವಾದದ್ದು ಖರೇ ಅಂತ ಆಗುತ್ತಿತ್ತು. ಮೊಳೆ ಸಾಲಲಿಲ್ಲ ಅಂತ ಅವಳ ಮಣ್ಣು ಅಗೆದು ಏನಾದರೂ ಮಾಡಿಯಾರು ಅಂತ ಅಂಜಿಕೆ.

"ಇಕಿಗೆ ಬಡದೈತಿ, ತಮ್ಮಾ. ಈ ಅಮಾಸಿಗೆ ಒಯ್ಯೂಣು" ಅಂದಳು ಅತ್ತೆ ಅಪ್ಪನಿಗೆ.

ಒಯ್ಯುವುದು ನರಗುಂದದ ಕಡೆ ದೆವ್ವ ಬಿಡಿಸುವ ಒಬ್ಬನ ಹತ್ತಿರ. ಅವನು ಕಂಬಕ್ಕೆ ಕಟ್ಟಿ, ಮೆಣಸಿನಕಾಯಿ ಹೊಗೆ ಹಾಕಿ, ಹುಣಸೆ ಬರಲಿನಿಂದ ಹೊಡೆಯುತ್ತಿದ್ದ. ನಮ್ಮ ಓಣಿಯ ಒಬ್ಬ ಹುಡುಗಿಯನ್ನು ಒಯ್ದಿದ್ದರು. ಬಂದ ಮೇಲೆ ಅವಳು ಒದರುವುದು ನಿಂತಿತು. ಮಾತೂ ನಿಂತಿತು. ಕಟ್ಟೆಯ ಮೇಲೆ ಜೊಲ್ಲು ಸುರಿಸುತ್ತ ಕೂತಿರುತ್ತಿದ್ದಳು. ನಾನು ದಿನಾ ಅವಳನ್ನು ನೋಡುತ್ತಿದ್ದೆ, ಅಮಾವಾಸ್ಯೆಗೆ ಎಷ್ಟು ದಿನ ಅಂತ ಎಣಿಸುತ್ತಿದ್ದೆ.

ಆರು ದಿನ ಉಳಿದಾಗ ಕಾಕಾ ಬಂದು ಅಪ್ಪನಿಗೆ ಹೇಳಿದರು. "ಹುಡುಗಿ ಸಿನೆಮಾ ನೋಡಿ ಅಂಜೇತಿ. ದಿನಾ ಮಧ್ಯಾಹ್ನ ನನ್ನ ಕಡೆ ಕಳಸು. ಸಿನೆಮಾದಾಗಿನ ದೆವ್ವ ಹ್ಯಾಂಗ ಮಾಡ್ತಾರಂತ ತೋರಸ್ತೀನಿ."

ಅತ್ತೆ ಬಾಗಿಲಲ್ಲೇ ಅಂದಳು, "ಫೋಟೋ ತೋರಿಸಿದ್ರ ದೆವ್ವ ರೋಣದ ಬಸ್ ಹತ್ತಿ ಹೊಕ್ಕೈತೇನ್ರಿ, ಸಾಹೇಬ್ರ?"

"ಹೋದ್ರ ಹೋತು. ಟಿಕೀಟ ನಾನ ತಗಸ್ತೀನಿ ತಗೋರಿ" ಅಂದರು ಕಾಕಾ.

ಅವರ ಹತ್ತಿರ ತಗಡಿನ ಟ್ರಂಕು ತುಂಬ ಮದರಾಸಿನ ಫೋಟೋಗಳಿದ್ದವು. ನಾನು ನೋಡಿದ ಸಿನೆಮಾ ತೆಗೆಯುವಾಗ ಕಾಕಾ ಅಲ್ಲೇ ಇದ್ದರು. ಒಂದೊಂದನ್ನೇ ನನ್ನ ಕೈಗೆ ಕೊಟ್ಟರು. ದೆವ್ವ ಬೀಡಿ ಸೇದುವುದು. ದೆವ್ವದ ಹೇನು ನೋಡುತ್ತ ಇನ್ನೊಬ್ಬಳು ಕೂತದ್ದು.

"ಈ ಹೊಗಿ ಐತೆಲ್ಲ, ತೆಂಗಿನ ನಾರು ಸುಟ್ಟು ಮೊರದಿಂದ ಬೀಸ್ಯಾರ."

"ಕಾಲು ಹಿಂದ ಮುಂದ ಇದ್ವಲ್ರಿ, ಕಾಕಾ?"

"ಕಟಗಿ ಕಾಲವು. ನಿಮ್ಮ ಮಗ್ಗ ಮಾಡೋ ಬಡಿಗ್ಯಾಗ ಹೇಳಿದ್ರ ನಿನಗೂ ಒಂದ್ ಜೋಡಿ ಮಾಡಿ ಕೊಡ್ತಾನು. ಕೇಳಿಲ್ಲಿ, ಈ ದೆವ್ವಕ್ಕ ಹಲ್ಲಿ ಕಂಡ್ರ ಅಂಜಿಕಿ. ಹಲ್ಲಿ ಲೊಚ್ ಅಂದ್ರ ಸಾಕು, ಶೂಟಿಂಗ್ ಬಂದ್. ಇಡೀ ಮಂದಿ ಹಲ್ಲಿ ಹಿಡಿಯಾಕ ಹೋಗೋದು."

ಮೂರನೇ ದಿನ ನಕ್ಕೆ. ಮನೆಗೆ ಬಂದು ಒಂದು ರೊಟ್ಟಿ ತಿಂದೆ. ಒಂದೊಂದು ಫೋಟೋದಲ್ಲಿ ದೆವ್ವದ ವೇಷದಾಕೆ ಕಣ್ಣು ಮುಚ್ಚಿ ನಗುತ್ತಿದ್ದಳು, ಒಂದೊಂದರಲ್ಲಿ ಕೂದಲು ಮುಖದ ಮೇಲೆ. ಕಣ್ಣು ಕಾಣದ್ದಕ್ಕೆ ನನಗೆ ಧೈರ್ಯ ಬಂದಿತ್ತು.

ಐದನೇ ದಿನ ಕಾಕಾ ಕೊನೆಯದೊಂದು ತೆಗೆದರು. "ಇದು ಪೌಡರ್ ಎಲ್ಲ ತೊಳಕೊಂಡ ಮ್ಯಾಲಿಂದು. ನೋಡು, ನಮ್ಮ ನಿಮ್ಮಂಗ ಹೆಣ್ಮಗಳು. ದೆವ್ವ ಎಲ್ಲೈತಿ?"

ಬಣ್ಣವಿಲ್ಲದ ಮುಖ, ನೆಟ್ಟಗೆ ನನ್ನನ್ನು ನೋಡುತ್ತಿತ್ತು. ಸಿನೆಮಾದಲ್ಲಿ ಬಿಳಿ ಬಣ್ಣದ ಒಳಗಿದ್ದ ಕಣ್ಣು ಈಗ ಬರಿದಾಗಿ ಅಲ್ಲಿತ್ತು. ಎಲ್ಲ ತೊಳೆದು ತೆಗೆದ ಮೇಲೂ ಅವ್ವನೇ ಉಳಿದಿದ್ದಳು. ಕುಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಅಷ್ಟು ದಿನ ಬಿಗಿಹಿಡಿದ ಮಾತು ಹೊರಗೆ ಬಿತ್ತು.

"ಇಕಿ ನಮ್ಮವ್ವ. ನಮ್ಮವ್ವ ದೆವ್ವ ಆಗ್ಯಾಳ್ರಿ."

ಕಾಕಾ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.  ಫೋಟೋವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಬೇರೊಂದು ಡಬ್ಬಿಯಿಂದ ಸಣ್ಣ ಫೋಟೋ ತಂದರು. ಕೊಡಲೋ ಬೇಡವೋ ಅಂತ ಹಿಡಿದುಕೊಂಡೇ ನಿಂತಿದ್ದರು...

ನಮ್ಮ ಪಡಸಾಲೆಯ ಗೋಡೆ. ಹೂವು, ವಿಭೂತಿ. ಮನೆಯ ಫೋಟೋದಲ್ಲಿದ್ದ ಅದೇ ಸೀರೆ. ಕೂತ ಅವ್ವ. ಕಣ್ಣು ಮುಚ್ಚಿದ್ದವು.

"ಕಣ್ಣು ತೆರದಂಗ ಮಾಡಿ ಕೊಡ್ರಿ ಅಂದ ನಿಮ್ಮಪ್ಪ. ಎಲ್ಲಾರೂ ಹಂಗ ಕೇಳತಾರ. ಫೋಟೋದ ಮ್ಯಾಲ ಕುಂಚಲೆ ಬರೀತೀನಿ. ನಾ ಆಗಿನ್ನೂ ಮದರಾಸ್‌ಲಿಂದ ಬಂದು ತಿಂಗಳಾಗಿತ್ತು, ಬೇಟಿ. ನಿಮ್ಮವ್ವನ್ನ ನಾ ಜೀವಂತ ನೋಡಿದ್ದಿಲ್ಲ. ಅಲ್ಲಿ ಫೋಟೋ ತಿದ್ದಿ ತಿದ್ದಿ ಕೈಗೆ ರೂಢಿ ಇದ್ದದ್ದು ಈ ಹೆಣ್ಮಗಳ ಕಣ್ಣು. ಅವನ್ನ ಬರದೆ. ಸಿನೆಮಾ ಇಲ್ಲೀಮಟ ಬರತೈತಿ ಅಂತ ಯಾರಿಗೊತ್ತು."

ಅವತ್ತು ಸಂಜೆಯೇ ಕಾಕಾ ಎರಡೂ ಫೋಟೋ ಹಿಡಿದು ನಮ್ಮ ಮನೆಗೆ ಬಂದರು. ಅಪ್ಪನ ಎದುರು, ಅತ್ತೆಯ ಎದುರು ತಪ್ಪು ಒಪ್ಪಿಕೊಂಡರು. ಹುಡುಗಿಗೆ ಏನೂ ಬಡಿದಿಲ್ಲ, ಅಂಜಿಸಿದವನು ನಾನು, ನರಗುಂದಕ್ಕೆ ಒಯ್ಯುವುದಾದರೆ ನನ್ನನ್ನು ಒಯ್ಯಿರಿ ಅಂದರು. ಅಪ್ಪ ಗೋಡೆಯ ಫೋಟೋ ಇಳಿಸಿ ಮಗ್ಗದ ಮೇಲಿಟ್ಟ. ಮೂರು ಫೋಟೋ ಸಾಲಾಗಿ ನೋಡಿದ ಮೇಲೆ ಅತ್ತೆಯೂ ಒಪ್ಪಿದಳು. ಅಮಾವಾಸ್ಯೆಯ ಮಾತು ಅಲ್ಲಿಗೆ ನಿಂತಿತು.

ಕಾಕಾ ಕಿಸೆಯಿಂದ ಸಣ್ಣ ಕುಂಚ ತೆಗೆದರು. "ಈಗ ಹೇಳ್ರಿ, ಆಕಿ ಕಣ್ಣು ಹ್ಯಾಂಗಿದ್ವು? ಸಣ್ಣವೋ, ಅಗಲವೋ? ರೆಪ್ಪಿ ದಟ್ಟ ಇದ್ವೋ? ಹೇಳಿದಂಗ ತಿದ್ದಿ ಕೊಡ್ತೀನಿ."

ಅತ್ತೆ ಅಂದಳು, "ಕಣ್ಣ ಯಾರ ನೋಡ್ಯಾರ್ರಿ? ಸೆರಗು ಮೂಗಿನಮಟ ಇರ್ತಿತ್ತು. ನಮ್ಮ ಮನ್ಯಾಗ ತಲಿ ಎತ್ತಿದಾಕಿ ಅಲ್ಲ ಆಕಿ."

ಕಾಕಾ ಅಪ್ಪನ ಕಡೆ ನೋಡಿದರು. ಅಪ್ಪ ಮಗ್ಗದ ಕೆಳಗಿನ ಕುಣಿಯ ಕಡೆ ನೋಡುತ್ತಿದ್ದ.

"ಕರೀವಿದ್ವು" ಅಂದ.

"ಎಲ್ಲಾರವೂ ಕರೀವ ಇರ್ತಾವು, ತಮ್ಮಾ" ಅಂದರು ಕಾಕಾ.

 ಆರು ವರ್ಷ ಅವ್ವನ ಜೋಡಿ ಸಂಸಾರ ಮಾಡಿದವನು ಅಪ್ಪ.  ಕಾಕಾ ನನ್ನ ಕಡೆಗೂ ನೋಡಿದರು.  ಕುಂಚವನ್ನು ಅರಿವೆಯಲ್ಲಿ ಸುತ್ತಿಕೊಂಡು ಎದ್ದು ಹೋದರು. ಫೋಟೋ ಇದ್ದಂತೆಯೇ ಮತ್ತೆ ಗೋಡೆ ಏರಿತು.

ಬರಲಿನ ಏಟು ತಪ್ಪಿತು, ಅದು ಕಾಕಾನ ಉಪಕಾರ. ದೆವ್ವದ ಅಂಜಿಕೆಯೂ ಹೋಯಿತು ಅಂದರೆ ಸುಳ್ಳಾಗುತ್ತದೆ. ಅವ್ವ ಎಲ್ಲಿ ಅನ್ನುವ ಅಂಜಿಕೆ ಅದರ ಮೇಲೆ ಬಂದು ಕೂತಿತು. ಸಿನೆಮಾದಲ್ಲಿ ಅವಳಿಲ್ಲ, ಗೋಡೆಯ ಮೇಲೂ ಅವಳಿಲ್ಲ.

ಮುಂದೆ ನನ್ನನ್ನು ಅಸೂಟಿ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಕಾಕಾ ಹೋದ ಸುದ್ದಿ ಅಲ್ಲಿಗೆ ಬಂದು ನಾನು ಬಸ್ಸು ಹಿಡಿಯುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಖೋಲಿಯಲ್ಲಿ ಈಗ ಬೂಟಿನ ಅಂಗಡಿ. ಟ್ರಂಕು ಏನಾಯಿತೋ ಯಾರೂ ಹೇಳಲಿಲ್ಲ.

ಅವ್ವನ ಫೋಟೋ ನನ್ನ ಹತ್ತಿರವೇ ಇದೆ. ಸಂಜೆ ಕರೆಂಟು ಹೋದರೆ ಅದರ ಮೇಲೆ ಟವೆಲು ಹಾಕುತ್ತೇನೆ. ಅವು ಯಾರ ಕಣ್ಣು ಅಂತ ಗೊತ್ತಿದ್ದೂ ಹಾಕುತ್ತೇನೆ. ಅವ್ವನ ಕಣ್ಣು ಹೇಗಿದ್ದವು ಅಂತ ಕೇಳಿದವರು ಕಾಕಾ ಒಬ್ಬರೇ. ಅವರು ಹೋಗಿಯೂ ನಲವತ್ತು ವರ್ಷದ ಮೇಲಾಯಿತು.