ಫ್ರಿಜ್ಜಿನ ಕೊನೆಯ ಡಬ್ಬಿ

ಆ ದಿನವೂ ಬೆಳಿಗ್ಗೆ ಎದ್ದವಳೇ ಬಚ್ಚಲಿನ ಒಲೆಗೆ ಒಣಗಿದ ತೆಂಗಿನ ಮಡಲು ತುರುಕಿ ಬೆಂಕಿ ಹಿಡಿಸಿದೆ. ಅತ್ತೆಯವರಿಗೆ ಚಾ ಕೊಟ್ಟು, ನೆನೆಸಿಟ್ಟ ಅಕ್ಕಿಯನ್ನು ನೀರುದೋಸೆಗೆ ರುಬ್ಬಲು ಕುಳಿತೆ. ದಿನದಂತಲ್ಲದ ಒಂದು ಸಂಗತಿಯೆಂದರೆ ಅಕ್ಕಿಯ ಅಳತೆ. ಚಾವಡಿಯಲ್ಲಿ ಉದ್ದಕ್ಕೂ ಚಾಪೆ ಹಾಸಿ ನನ್ನ ತಮ್ಮನ ಸಿನಿಮಾದ ಜನ ಮಲಗಿದ್ದರು. ಅವರಲ್ಲಿ ಯಾರಿಗೆ ದೋಸೆ ಮೆತ್ತಗಿರಬೇಕು, ಯಾರು ಚಟ್ನಿ ಮುಟ್ಟುವುದಿಲ್ಲ ಎಂಬುದೆಲ್ಲ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆಯ ಹುಡುಗರೆಲ್ಲ ಬ್ಯಾಂಕಿನ ಪರೀಕ್ಷೆ ಬರೆಯುತ್ತಿದ್ದಾಗ ನನ್ನ ತಮ್ಮ ಮಣಿಪಾಲದ ಗುಮಾಸ್ತೆ ಕೆಲಸ ಬಿಟ್ಟು ಸಿನಿಮಾ ತೆಗೆಯಲು ಹೊರಟಿದ್ದ. ಕೈಯಲ್ಲಿ ಹಣವಿರಲಿಲ್ಲ. ಕ್ಯಾಮೆರಾ ಬಾಡಿಗೆಯದು. ಕಾಪುವಿನ ನಮ್ಮ ಮನೆಯೇ ಕಥೆಯ ಮನೆ, ನನ್ನ ಪಾತ್ರೆಗಳೇ ಕಥೆಯ ಪಾತ್ರೆಗಳು. ಫಿಲ್ಮು ಕೂಡ ಮದರಾಸಿನ ದೊಡ್ಡ ಕಂಪನಿಗಳು ಬಳಸಿ ಉಳಿಸಿದ ತುಂಡುಗಳು. ಕಡಿಮೆಗೆ ಸಿಗುತ್ತವೆಂದು ತಂದಿದ್ದ. ಸೆಕೆಗೆ ಅವು ಹಾಳಾಗಬಾರದಂತೆ. ಊರಿನಲ್ಲಿ ಫ್ರಿಜ್ ಇದ್ದ ಒಂದೆರಡು ಮನೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಡಬ್ಬಿಗಳು ದೋಸೆಹಿಟ್ಟಿನ ಪಕ್ಕದಲ್ಲಿ ಸಾಲಾಗಿ ಕುಳಿತವು. ಅವು ಇರುವಷ್ಟು ದಿನ ಫ್ರಿಜ್ಜಿಗೆ ಮೀನು ಇಡಬಾರದೆಂದು ತಮ್ಮನ ಕಟ್ಟಪ್ಪಣೆ.

“ಇಟ್ಟರೆ ಒಳ್ಳೆಯದೇ ಅಲ್ವಾ?” ಎಂದಿದ್ದರು ಅತ್ತೆ. “ಬಂಗುಡೆ ವಾಸನೆಗೆ ಬೆಕ್ಕುಗಳಾದರೂ ಬಂದು ನೋಡಿಯಾವು ನಿನ್ನ ತಮ್ಮನ ಪಿಚ್ಚರು.”

ಅಂದು ಚಿತ್ರೀಕರಣದ ಕೊನೆಯ ದಿನ. ಕಾರ್ಕಳದ ಬಂಡೆಗಳ ಮೇಲಿನ ದೃಶ್ಯಗಳು ಹಿಂದಿನ ವಾರವೇ ಮುಗಿದಿದ್ದವು. ಫ್ರಿಜ್ಜಿನಲ್ಲಿ ಒಂದೇ ಡಬ್ಬಿ ಉಳಿದಿತ್ತು. ತಂಪು ಬಿಡಲೆಂದು ಅದನ್ನು ಮುಂಚಿತವಾಗಿ ಹೊರಗೆ ತೆಗೆದು, ಮೇಲೆ ಕೂತ ನೀರಿನ ಹನಿಗಳನ್ನು ಸೆರಗಿನಿಂದ ಒರೆಸಿ, ತಮ್ಮನ ಕೈಗೆ ಕೊಟ್ಟವಳು ನಾನೇ.

ದೋಸೆ ಹೊಯ್ಯುತ್ತಿದ್ದಾಗ ಬೇಲಿಯ ಸಂದಿಯಿಂದ ಪಕ್ಕದ ಮನೆಯ ಅಕ್ಕ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಗಂಡ ಬೊಂಬಾಯಿಯ ಯಾವುದೋ ಕ್ಯಾಂಟೀನಿನಲ್ಲಿದ್ದರು; ಊರಿಗೆ ಬಾರದೆ ಹಲವು ಮಳೆಗಾಲ ಕಳೆದಿತ್ತು. ಕಥೆಯಲ್ಲಿ ನಾಯಕಿಗೆ ಒಂದು ಹೊತ್ತಿನ ಊಟ ಹಾಕುವ ಹೆಂಗಸು ಬೇಕೆಂದು ತಮ್ಮ ಹುಡುಕುತ್ತಿದ್ದಾಗ ಇವರ ಹೆಸರು ಹೇಳಿದವಳು ನಾನು. ಮೊದಲು ಅವರು, “ಹೋಗಿ ಅಮ್ಮ, ನನ್ನ ಮುಸುಡಿಗೆ ಸಿನಿಮಾವಾ?” ಎಂದು ನಕ್ಕಿದ್ದರು. ಮಾರನೆಯ ದಿನ ನೀರು ಸೇದುತ್ತ, ಬೇರೆ ಯಾರಿಗೋ ಕೇಳುವವರ ಹಾಗೆ ಕೇಳಿದರು: “ಅದು ಬೊಂಬಾಯಿಗೂ ಬರ್ತದಾ? ಅಲ್ಲಿ ರವಿವಾರ ಬೆಳಿಗ್ಗೆ ಕನ್ನಡ ಪಿಚ್ಚರ್ ಹಾಕ್ತಾರಂತೆ. ನಮ್ಮ ಊರಿನವರೆಲ್ಲ ಹೋಗ್ತಾರಂತೆ.” ಬರಬಹುದು ಎಂದೆ. ಅಂದಿನಿಂದ ಅವರು ಕೋಳಿಗೆ ಅಕ್ಕಿನುಚ್ಚು ಹಾಕುವಾಗಲೂ ಸಿನಿಮಾದಲ್ಲಿ ತಮಗಿದ್ದ ಒಂದೇ ಒಂದು ಮಾತನ್ನು ಹೇಳಿಕೊಳ್ಳುತ್ತಿದ್ದರು. ನಾವು ಮಾತಾಡುತ್ತಿದ್ದುದು ತುಳು; ಆ ಮಾತು ಪುಸ್ತಕದ ಕನ್ನಡ. “ಅಷ್ಟು ದೂರದಿಂದ ಬಂದಿದ್ದೀ, ಊಟ ಮಾಡಿಕೊಂಡು ಹೋಗು.”

ಆ ಬೆಳಿಗ್ಗೆ ಅವರು ಗಂಡ ಕಳೆದ ಸಲ ತಂದುಕೊಟ್ಟಿದ್ದ ನೀಲಿ ಸೀರೆ ಉಟ್ಟಿದ್ದರು. ಮಡಿಕೆಯ ಗೆರೆಗಳು ಹಾಗೆಯೇ ಇದ್ದವು. ಕಪ್ಪು ಬಿಳುಪಿನ ಸಿನಿಮಾದಲ್ಲಿ ನೀಲಿ ಬಣ್ಣ ಬೂದಿಯಂತೆ ಕಾಣುತ್ತದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ತಲೆಗೆ ಮುಡಿಸಲು ಶಂಕರಪುರದ ಮಲ್ಲಿಗೆ ತರಿಸಿದ್ದೆ. ಮುಡಿಸುವಾಗ ಅವರು ಎರಡೂ ಕೈಗಳನ್ನು ಮುಂದೆ ಚಾಚಿದರು. ಹುಣಸೆಹುಳಿ ಹಾಕಿ ತಿಕ್ಕಿದ್ದರೂ ಬೆರಳ ತುದಿಗಳಲ್ಲಿ ಹೊಗೆಸೊಪ್ಪಿನ ಕಂದು ಉಳಿದಿತ್ತು.

“ಕೈ ಕಾಣ್ತದಾ ಅಮ್ಮ ಅದರಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿಂದ ಹೇಳಿದರು: “ತಿಕ್ಕಿ ತಿಕ್ಕಿ ಚರ್ಮ ಹೋದೀತು ಮಾರಾಯ್ತಿ. ನಿನ್ನ ಗಂಡ ಟಾಕೀಸಿಗೆ ಕೈ ನೋಡ್ಲಿಕ್ಕೆ ಹೋಗ್ತಾನಾ?”

“ಕೈಯಾದರೂ ನೋಡಲಿ ಅತ್ತೆ. ಮುಖ ಹೇಗೂ ಮರೆತಿರಬಹುದು,” ಎಂದು ಅಕ್ಕ ನಕ್ಕರು.

ಮೊದಲು ನಾಯಕಿಯ ದೃಶ್ಯ. ಅವಳು ಉಡುಪಿಯ ಕಾಲೇಜು ಹುಡುಗಿ. ಅಂಗಳಕ್ಕೆ ಬಂದು ತುಳಸಿಕಟ್ಟೆಯ ಬಳಿ ನಿಂತು ಅಳಬೇಕು. ಅಳು ಬಂದಾಗ ಮೋಡ ಬಂತು, ಬಿಸಿಲು ಬಂದಾಗ ಅಳು ನಿಂತಿತು. ಹಾಗೇ ಹೊತ್ತು ನೆತ್ತಿಗೇರಿತು. ಅಕ್ಕ ಅಷ್ಟೂ ಹೊತ್ತು ಜಗಲಿಯ ತುದಿಯಲ್ಲಿ ಕುಳಿತಿದ್ದರು. ಸೀರೆ ಮುದುಡೀತೆಂದು ಕಂಬಕ್ಕೆ ಒರಗಲಿಲ್ಲ. ಚಾ ಕೊಟ್ಟರೆ, “ಆಮೇಲೆ ಕುಡಿಯುತ್ತೇನೆ, ತುಟಿಯ ಬಣ್ಣ ಹೋಗ್ತದೆ,” ಎಂದರು. ಕಟಪಾಡಿಗೆ ಹೋಗಿ ಬೀಡಿ ಕೊಟ್ಟು ಬರುವ ದಿನ ಅದು. ಅದನ್ನೂ ಬಿಟ್ಟಿದ್ದರು.

ನಾನು ಅಡುಗೆಮನೆಯಲ್ಲಿ ಹೊಗೆಗೆ ಕಣ್ಣು ಒರೆಸುತ್ತಿದ್ದಾಗ ತಮ್ಮ ಬಂದು ಬಾಗಿಲಲ್ಲಿ ನಿಂತ.

“ಅಕ್ಕಾ, ಫಿಲ್ಮು ಮುಗಿಯಿತು.”

“ಪೂರ್ತಿಯಾ?”

“ಒಂದಡಿ ಕೂಡ ಇಲ್ಲ. ಕ್ಯಾಮೆರಾ ಸಂಜೆಯ ಬಸ್ಸಿಗೆ ವಾಪಸು ಹೋಗಬೇಕು. ಪಕ್ಕದ ಮನೆಯ ಅಕ್ಕನ ದೃಶ್ಯ ಆಗುವುದಿಲ್ಲ ಅಂತ ಅವರಿಗೆ ಹೇಳ್ತೇನೆ. ಬೈದರೆ ಬೈಯಲಿ.”

ಅಲ್ಲಿಂದ ನನಗೆ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ನೆಟ್ಟಗೆ ಕುಳಿತ ಬೆನ್ನು, ಜಡೆಯಲ್ಲಿ ಅರಳತೊಡಗಿದ್ದ ಮಲ್ಲಿಗೆ. ನಾನು ಕಲಿತ ಕಾನ್ವೆಂಟಿನಲ್ಲಿ ಎದುರಿನವರ ಮುಖ ಬಾಡುವಂಥ ಮಾತು ಆಡುವುದೇ ದೊಡ್ಡ ತಪ್ಪಾಗಿತ್ತು. ಆ ಪಾಠವನ್ನು ನಾನು ಬಹಳ ಚೆನ್ನಾಗಿ ಕಲಿತಿದ್ದೆ.

“ಹೇಳಬೇಡ,” ಎಂದೆ. “ಸುಮ್ಮನೆ ಕ್ಯಾಮೆರಾ ಓಡಿಸು. ಅವರಿಗೆ ಬೇಸರ ಆಗುವುದು ಬೇಡ.”

“ಖಾಲಿ ಕ್ಯಾಮೆರಾವಾ? ಎಂತ ಅಕ್ಕಾ ನೀನು!”

“ಸಿನಿಮಾ ಉದ್ದ ಆಯಿತು, ಕತ್ತರಿಸಿದರು ಅಂತ ಆಮೇಲೆ ಹೇಳಿದರಾಯಿತು. ಎಲ್ಲ ಕಡೆ ಹಾಗೆ ಮಾಡ್ತಾರಲ್ವಾ?”

ಸಾಲ ಕೇಳಲು ಹೋದ ಕಡೆಯೂ ಸುಳ್ಳು ಹೇಳಲು ಬಾರದವನು ಅವನು. “ನೀನು ಹೇಳಿದ್ದಕ್ಕೆ ಮಾತ್ರ,” ಎಂದು ಹೊರಗೆ ಹೋದ.

ಬೆಳಕು ಹಿಡಿಯಲು ಕೈ ಸಾಲದೆ ರಟ್ಟಿಗೆ ಹೊಳೆಯುವ ಬೇಗಡೆ ಕಾಗದ ಅಂಟಿಸಿದ ಹಲಗೆಯನ್ನು ನನಗೇ ಕೊಟ್ಟರು. ಬಿಸಿಲನ್ನು ಅದರಿಂದ ಅಕ್ಕನ ಮುಖಕ್ಕೆ ತಿರುಗಿಸಿ ಹಿಡಿದೆ. ಕ್ಯಾಮೆರಾದವನು ಕಣ್ಣು ಇಟ್ಟ. ಅಷ್ಟು ದಿನ ಕೇಳಿ ಕೇಳಿ ಅದರ ಸದ್ದು ನನಗೆ ಪರಿಚಯವಾಗಿತ್ತು. ಅಂದು ಅದು ಹಗುರವಾಗಿತ್ತು, ಧಾನ್ಯವಿಲ್ಲದೆ ತಿರುಗುವ ಬೀಸುಕಲ್ಲಿನಂತೆ. ಅಕ್ಕನಿಗೆ ಆ ವ್ಯತ್ಯಾಸ ಎಲ್ಲಿ ತಿಳಿಯಬೇಕು?

ಅವರು ಬಾಗಿಲಿನಿಂದ ಬಂದರು. ಬಾಳೆಲೆ ಹಾಸಿದರು. ನಾಯಕಿಯ ಭುಜ ಮುಟ್ಟಿ, ಒಂದಕ್ಷರವೂ ತಪ್ಪದೆ ಆ ಮಾತು ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು. ಕ್ಯಾಮೆರಾದ ಕಡೆ ನೋಡಬಾರದೆಂದು ತಮ್ಮ ನೂರು ಸಲ ಹೇಳಿದ್ದ. ಆದರೆ ಅವರು ತಲೆಯೆತ್ತಿ ನೇರವಾಗಿ ಅದರ ಗಾಜಿನೊಳಗೇ ನೋಡಿದರು. ನೋಡಿ, ಸೆರಗು ಸರಿಮಾಡಿಕೊಂಡರು. ನಾನು ಹಲಗೆಯನ್ನು ತುಸು ತಿರುಗಿಸಿ ಬೆಳಕನ್ನು ಅವರ ಕೆನ್ನೆಯ ಮೇಲೆ ನಿಲ್ಲಿಸಿದೆ. ಆ ಕ್ಷಣವೂ ಹೇಳಬಹುದಿತ್ತು.

“ಆಯಿತು ಅಕ್ಕ,” ಎಂದ ತಮ್ಮ, ಅವರ ಕಾಲಿನ ಕಡೆ ನೋಡುತ್ತ.

“ಸರಿ ಆಯ್ತಾ ಮಗ?”

“ಆಯಿತು.”

ಊಟಕ್ಕೆ ಅಕ್ಕನನ್ನು ಎಲ್ಲರ ಜೊತೆ ಕೂರಿಸಿದೆ. ಮೀನಿನ ದೊಡ್ಡ ತುಂಡನ್ನು ಅವರ ಎಲೆಗೇ ಬಡಿಸಿದೆ. ಹಾಗೆ ಬಡಿಸುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ತಮ್ಮ ಹಸಿವಿಲ್ಲವೆಂದು ಎದ್ದುಹೋದ. ಮೂರು ಗಂಟೆಯ ಹೊತ್ತಿಗೆ ಕ್ಯಾಮೆರಾ ಪೆಟ್ಟಿಗೆ ಸೇರಿತು, ಚಾಪೆಗಳು ಸುತ್ತಿಕೊಂಡವು, ಮನೆ ಬರಿದಾಯಿತು. ಅತ್ತೆ ಸಂಜೆಗೆ ಬಂಗುಡೆ ತರಿಸಿ, ಕೇಳದೆಯೇ ಫ್ರಿಜ್ಜಿನಲ್ಲಿ ಇಟ್ಟರು.

ಹೇಳಿಬಿಡೋಣ ಅನ್ನಿಸಿತು. ಬೈಯಲಿ, ಮಾತು ಬಿಡಲಿ. ಸಿನಿಮಾ ಬರುವವರೆಗೆ ಅವರು ರವಿವಾರಗಳನ್ನು ಎಣಿಸುತ್ತ ಕೂರುವುದಕ್ಕಿಂತ ಅದೇ ವಾಸಿ. ದೀಪ ಹಚ್ಚುವ ಮೊದಲು ಬೇಲಿ ದಾಟಿ ಹೋದೆ. ಅಕ್ಕ ಹಳೆಯ ಸೀರೆಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಮಡಿಲಲ್ಲಿ ಬಿದಿರಿನ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು. ಹಗಲು ತಪ್ಪಿದ ಕೆಲಸವನ್ನು ಕತ್ತಲಾಗುವ ಮೊದಲು ಆದಷ್ಟು ಮುಗಿಸುತ್ತಿದ್ದರು. ನೀಲಿ ಸೀರೆ ಹಗ್ಗದ ಮೇಲೆ ಗಾಳಿಗೆ ಆರುತ್ತಿತ್ತು.

“ಅಕ್ಕ, ಇವತ್ತು ಮಧ್ಯಾಹ್ನ…” ಎಂದು ಶುರುಮಾಡಿದೆ.

ಅವರು ಬೀಡಿಯ ಬಾಯಿ ಮಡಚುತ್ತಲೇ, ತಲೆಯೆತ್ತದೆ ಹೇಳಿದರು: “ಆ ಉಡುಪಿಯ ಹುಡುಗಿ ಅಷ್ಟೆಲ್ಲ ಕಾಲೇಜು ಕಲಿತದ್ದು ಅಲ್ವಾ? ಆದರೂ ಅದಕ್ಕೆ ಎಷ್ಟು ಸಲ ಮಾಡಿಸಿದ ನಿಮ್ಮ ತಮ್ಮ! ನನ್ನದು ಒಂದೇ ಸಲಕ್ಕೆ ಆಯ್ತು ನೋಡಿ ಅಮ್ಮ.”